ಗುಂಡಿನ ಬೆನ್ನ ಹಿಂದಿನ ಗಾಳಿ

ಬನದ ಹುಣ್ಣಿಮೆಗೆ ಸಿಂಧನೂರು ತಾಲ್ಲೂಕಿನ ಅಂಬಾಮಠದ ಜಾತ್ರೆ ತುಂಬಿಕೊಳ್ಳುತ್ತದೆ. ಒಗ್ಗರಣೆ–ಮಿರ್ಚಿ ಅಂಗಡಿಗಳು, ಬಳೆ ಅಂಗಡಿಗಳು, ತೊಟ್ಟಿಲು ದಾಟಿ ಮುಂದೆ ಹೋದರೆ ಅಂಥ ಯಾವ ಜಾತ್ರೆಯಲ್ಲೂ ತಪ್ಪದ ಬಲೂನಿನ ಹಲಗೆ. ಎದುರಿನ ಮೇಜಿನ ಮೇಲೊಂದು ಹಳೆಯ ಏರ್‌ಗನ್. ಅಂಗಡಿಯವ ಅದರ ನಳಿಕೆಯನ್ನು ನಡುಮುರಿದಂತೆ ಕೆಳಕ್ಕೆ ಬಗ್ಗಿಸುತ್ತಾನೆ. ಒಳಗಿನ ಸ್ಪ್ರಿಂಗ್ ಕರ್ರೆನ್ನುತ್ತದೆ. ಜೋಳದ ಕಾಳಿನಷ್ಟು ಸೀಸದ ಛರ್ರಾ ಇಟ್ಟು ನಳಿಕೆ ನೆಟ್ಟಗೆ ಮಾಡಿ ಹುಡುಗನ ಕೈಗೆ ಕೊಡುತ್ತಾನೆ.

‘ಮಾಮಾ, ಇದು ಏಕೆ ಫಾರ್ಟಿಸೆವೆನ್ ಏನು?’

‘ಇದರಾಗ ಬರೇ ಗಾಳಿ ಐತಿ ತಮ್ಮಾ, ಮದ್ದಿಲ್ಲ. ನೀ ಗುರಿ ನೋಡು ಮೊದಲ.’

ಅಂಗಡಿಯವನ ಮಾತು ಅರ್ಧ ಸರಿ. ಏರ್‌ಗನ್ನಿನಲ್ಲಿ ಇರುವುದು ಗಾಳಿಯೇ. ಆದರೆ ಹುಡುಗ ಸಿನಿಮಾದಲ್ಲಿ ಕಂಡ ಏಕೆ-47 ಕೂಡ ಗಾಳಿಯ ಬಲದಿಂದಲೇ ಓಡುವ ಯಂತ್ರ. ಮದ್ದು ಉರಿದಾಗ ಹುಟ್ಟುವ ಬಿಸಿ ಅನಿಲ ಗುಂಡನ್ನು ಮುಂದಕ್ಕೆ ನೂಕುತ್ತದೆ. ಅದರಲ್ಲೇ ಒಂದು ಪಾಲು ತಿರುಗಿ ಬಂದು ಮುಂದಿನ ತೋಟಾ ತುಂಬಿಸುತ್ತದೆ. ಈ ಎರಡನೆಯ ಕೆಲಸ ಹೇಗೆ ನಡೆಯುತ್ತದೆ, ನಳಿಕೆಯನ್ನು ಮೊಟಕು ಮಾಡಿದರೆ ಅದು ಏಕೆ ಕೆಡುತ್ತದೆ, ನಮ್ಮ ಕಾಯ್ದೆ ನಳಿಕೆಗೆ ಇಂಚುಪಟ್ಟಿ ಹಿಡಿದು ಏಕೆ ಕೂತಿದೆ ಎಂಬುದು ಸಿನಿಮಾ ನೋಡಿದವರಿಗೆಲ್ಲ ಅರ್ಧ ಗೊತ್ತಿರುವ, ಇನ್ನರ್ಧ ತಪ್ಪಾಗಿ ಗೊತ್ತಿರುವ ಸಂಗತಿ.

ಎಡೆದೊರೆಗೆ ಬಂದೂಕು ಹೊಸದಲ್ಲ

ಕೃಷ್ಣೆ–ತುಂಗಭದ್ರೆಯರ ನಡುವಿನ ಈ ನಾಡು ಬಂದೂಕನ್ನು ಕಂಡು ಐದು ಶತಮಾನ ದಾಟಿತು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದಾಗ ಕ್ರಿಸ್ತೊವಾಂವ್ ಡಿ ಫಿಗೆರೆಡೊ ಎಂಬ ಪೋರ್ಚುಗೀಸ ತನ್ನ ಸಣ್ಣ ಬಂದೂಕುದಾರರ ತಂಡದೊಂದಿಗೆ ಅಲ್ಲಿದ್ದ. ಗೋಡೆಯ ಮೇಲಿಂದ ಕಲ್ಲು, ಬಾಣ ಸುರಿಸುತ್ತಿದ್ದ ಕಾವಲಿನವರನ್ನು ಅವರು ಕೆಳಗಿನಿಂದ ಒಬ್ಬೊಬ್ಬರನ್ನಾಗಿ ಗುರಿಯಿಟ್ಟು ಹೊಡೆದರು. ಕಾವಲಿನವರು ತಲೆ ಎತ್ತದಂತಾದಾಗ ವಿಜಯನಗರದ ಆಳುಗಳು ಕೋಟೆಯ ಬುಡದ ಕಲ್ಲು ಕೀಳಲು ಅನುವಾಯಿತು. ಇದನ್ನು ಬರೆದಿಟ್ಟವನು ಫರ್ನಾವೊ ನ್ಯೂನಿಜ್. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆಗಾಗಿಯೂ ವಿಜಯನಗರ ಬಡಿದಾಡಿತ್ತು.

ಆ ಬಂದೂಕುಗಳಿಗೆ ಬಾಯಿಂದಲೇ ಮದ್ದು ತುಂಬಬೇಕಿತ್ತು. ಮದ್ದು ಸುರಿ, ಗುಂಡು ಹಾಕು, ಕೋಲಿನಿಂದ ಗಿಡಿ, ಬತ್ತಿ ಮುಟ್ಟಿಸು. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಎದುರಾಳಿ ಓಡಿ ಬಂದು ಕುತ್ತಿಗೆ ಹಿಡಿಯುವಷ್ಟು ಸಮಯ. ನಳಿಕೆಯಂತೂ ಬಲು ಉದ್ದ. ಮದ್ದು ಉರಿದು ಉಬ್ಬುವ ಅನಿಲಕ್ಕೆ ಗುಂಡನ್ನು ನೂಕಲು ಹಾದಿ ಬೇಕು. ಹಾದಿ ಉದ್ದವಿದ್ದಷ್ಟೂ ನೂಕು ಹೆಚ್ಚು. ಆ ಲೆಕ್ಕ ಇವತ್ತಿಗೂ ಹಾಗೇ ಇದೆ.

ಮುಂದೆ ತೋಟಾ ಬಂತು, ಹಿಂಬದಿಯಿಂದ ತುಂಬುವ ರೈಫಲ್ ಬಂತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನದ ವಿಮೋಚನೆ ನಡೆದಾಗ ಭಾರತದ ಸೈನಿಕನ ಹೆಗಲಲ್ಲಿ ಇದ್ದದ್ದು .303 ರೈಫಲ್. ಅದರಲ್ಲಿ ಪ್ರತಿ ಗುಂಡಿಗೂ ಬೋಲ್ಟಿನ ಹಿಡಿಯನ್ನು ಎತ್ತಿ, ಎಳೆದು, ನೂಕಿ, ಇಳಿಸಬೇಕು. 1962ರ ಚೀನಾ ಯುದ್ಧದಲ್ಲೂ ಅದೇ. ಆ ಯುದ್ಧದ ಬಳಿಕವೇ ಇಶಾಪುರದ ಕಾರ್ಖಾನೆಯ ಎಸ್‌ಎಲ್‌ಆರ್ ನಮ್ಮ ಸೈನ್ಯಕ್ಕೂ ಆಮೇಲೆ ಪೊಲೀಸರಿಗೂ ಬಂತು. ತನ್ನನ್ನು ತಾನೇ ತುಂಬಿಕೊಳ್ಳುವ ರೈಫಲ್ ಅದು. ಟ್ರಿಗರ್ ಒಮ್ಮೆ ಒತ್ತಿದರೆ ಒಂದು ಗುಂಡು, ಮತ್ತೆ ಒತ್ತಿದರೆ ಮತ್ತೊಂದು. ನಡುವೆ ಬೋಲ್ಟಿಗೆ ಕೈ ಹಾಕುವುದಿಲ್ಲ. ಆ ಕೈಗೆಲಸವನ್ನು ಅನಿಲ ಮಾಡುತ್ತದೆ.

ಜೊಂಡು ಬಾಗಿದ್ದನ್ನು ಕಂಡವನು

ಅಮೆರಿಕದ ಯೂಟಾ ರಾಜ್ಯದ ಆಗ್ಡನ್ ಊರಿನ ಜಾನ್ ಬ್ರೌನಿಂಗ್ ಬಂದೂಕು ತಯಾರಕರ ಮಗ. 1889ರಲ್ಲಿ ಗುರಿ ಅಭ್ಯಾಸ ನಡೆದಿದ್ದ ಜಾಗದಲ್ಲಿ, ಪ್ರತಿ ಸಲ ಗುಂಡು ಹಾರಿದಾಗಲೂ ನಳಿಕೆಯ ಮುಂದಿನ ಜೊಂಡು ಬಾಗಿ ಏಳುವುದು ಅವನ ಕಣ್ಣಿಗೆ ಬಿತ್ತು. ಗುಂಡು ಆ ಜೊಂಡಿಗೆ ತಾಗಿರಲಿಲ್ಲ. ಬಾಗಿಸಿದ್ದು ಗುಂಡಿನ ಬೆನ್ನಿಗೇ ಹೊರಬಿದ್ದ ಅನಿಲ. ಇಷ್ಟು ಬಲ ಸುಮ್ಮನೆ ಬಯಲು ಪಾಲಾಗುತ್ತಿದೆಯಲ್ಲ ಎಂದುಕೊಂಡವನು ಆ ಬಲವನ್ನೇ ದುಡಿಸಿಕೊಳ್ಳುವ ಯಂತ್ರಬಂದೂಕು ಕಟ್ಟಿದ. ಅದು 1895ರಲ್ಲಿ ಕೋಲ್ಟ್ ಕಂಪನಿಯಿಂದ ಹೊರಬಂತು. ಅದರ ಹೊಟ್ಟೆಯ ಕೆಳಗೆ ಒಂದು ಸನ್ನೆ ಕೆಳಮುಖವಾಗಿ ಬೀಸುತ್ತಿತ್ತು. ನೆಲಕ್ಕೆ ಹತ್ತಿರವಿಟ್ಟು ಹೊಡೆದರೆ ಮಣ್ಣು ಕೆದರುತ್ತಿತ್ತು. ಸೈನಿಕರು ಅದನ್ನು ‘ಆಲೂಗಡ್ಡೆ ಅಗೆಯುವ ಯಂತ್ರ’ ಎಂದು ಕರೆದರು.

ಆ ಕಲ್ಪನೆಯ ರೈಫಲ್ ಒಂದು ಸೈನ್ಯದ ಮಾಮೂಲಿ ಆಯುಧವಾಗಲು ಇನ್ನೂ ನಾಲ್ಕು ದಶಕ ಹಿಡಿಯಿತು. ಜಾನ್ ಗರಾಂಡ್ ರೂಪಿಸಿದ ರೈಫಲನ್ನು ಅಮೆರಿಕದ ಸೈನ್ಯ 1936ರಲ್ಲಿ ಒಪ್ಪಿಕೊಂಡಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ ಒಕ್ಕೂಟದಲ್ಲಿ ಕಲಾಶ್ನಿಕೋವ್‌ನ ಏಕೆ-47, ಬೆಲ್ಜಿಯಂನಲ್ಲಿ ಎಫ್‌ಎನ್ ಕಂಪನಿಯ ಫಾಲ್. ನಮ್ಮ ಎಸ್‌ಎಲ್‌ಆರ್ ಈ ಫಾಲ್ ವಂಶದ್ದು.

ಹಟ್ಟಿಯ ಡ್ರಿಲ್ ಗೊತ್ತಿದ್ದರೆ ಇದೂ ಗೊತ್ತು

ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದವರಿಗೆ ಇದನ್ನು ವಿವರಿಸುವುದು ಸುಲಭ. ಗಣಿಯ ಗಾಳಿ ಡ್ರಿಲ್ಲಿನಲ್ಲಿ ಕಂಪ್ರೆಸರಿನಿಂದ ಬಂದ ಒತ್ತಿದ ಗಾಳಿ ಪಿಸ್ಟನ್ನಿನ ಹಿಂದೆ ನುಗ್ಗುತ್ತದೆ, ಪಿಸ್ಟನ್ ಮುಂದೆ ಹೋಗಿ ಉಕ್ಕಿನ ಸರಳನ್ನು ಬಂಡೆಗೆ ಬಡಿಯುತ್ತದೆ. ಹಾಗೆ ಸರಿಯುವಾಗಲೇ ತನ್ನನ್ನು ಹಿಂದಕ್ಕೆ ತರುವ ಗಾಳಿಯ ದಾರಿಯನ್ನೂ ತೆರೆಯುತ್ತದೆ. ಮುಂದೆ, ಹಿಂದೆ, ಮುಂದೆ, ಹಿಂದೆ. ಮನುಷ್ಯ ಬರೀ ಹಿಡಿದುಕೊಂಡಿದ್ದರೆ ಸಾಕು.

ರೈಫಲ್ಲಿನಲ್ಲೂ ಇಂಥದೇ ಒಂದು ಪಿಸ್ಟನ್. ಟ್ರಿಗರ್ ಒತ್ತಿದಾಗ ತೋಟಾದ ಬುಡಕ್ಕೆ ಮೊಳೆ ಬಡಿದು ಮದ್ದು ಹತ್ತಿಕೊಳ್ಳುತ್ತದೆ. ಕಲ್ಲು ಒಡೆಯುವ ಗಣಿಮದ್ದು ಕ್ಷಣಾರ್ಧದಲ್ಲಿ ಸಿಡಿದುಹೋಗುವಂಥದ್ದು. ತೋಟಾದ ಮದ್ದು ಸಿಡಿಯುವುದಿಲ್ಲ, ಭರ್ರನೆ ಉರಿಯುತ್ತದೆ. ಗಣಿಮದ್ದನ್ನು ನಳಿಕೆಗೆ ಹಾಕಿದರೆ ಗುಂಡಿಗಿಂತ ಮೊದಲು ನಳಿಕೆಯೇ ಚೂರಾಗುತ್ತದೆ. ಹಾಗೆ ಉರಿದ ಮದ್ದಿನ ಅನಿಲದ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡಕ್ಕಿಂತ ಮೂರು ಸಾವಿರ ಪಟ್ಟು ಮೀರುತ್ತದೆ. ಎಸ್‌ಎಲ್‌ಆರ್‌ನ ಗುಂಡು ನಳಿಕೆ ಬಿಡುವಾಗ ಸೆಕೆಂಡಿಗೆ ಸುಮಾರು 840 ಮೀಟರ್ ವೇಗದಲ್ಲಿರುತ್ತದೆ. ಮದ್ದು ಹತ್ತಿದ್ದರಿಂದ ಗುಂಡು ಹೊರಬೀಳುವ ತನಕ ಹಿಡಿಯುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲು.

ಆ ಒಂದೆರಡು ಪಾಲಿನಲ್ಲೇ ನಮ್ಮ ಕಥೆ ನಡೆಯುತ್ತದೆ. ನಳಿಕೆಯ ಮೈಯಲ್ಲಿ, ಬಾಯಿಗಿಂತ ಹಿಂದೆ, ಒಂದು ಸಣ್ಣ ತೂತು. ಗುಂಡು ಆ ತೂತನ್ನು ದಾಟಿದ್ದೇ ತಡ, ಹಿಂದಿನ ಅನಿಲದ ಒಂದು ಅಂಶ ಮೇಲಕ್ಕೆ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ನಿನ ಒದೆತಕ್ಕೆ ಬೋಲ್ಟಿನ ಬೀಗ ಬಿಚ್ಚಿಕೊಂಡು ಅದು ಹಿಂದೆ ಸರಿಯುತ್ತದೆ, ಖಾಲಿ ತೋಟಾವನ್ನು ಎಳೆದು ಬಲಕ್ಕೆ ಬಿಸಾಡುತ್ತದೆ, ಸ್ಪ್ರಿಂಗನ್ನು ಅದುಮುತ್ತದೆ. ಅದುಮಿದ ಸ್ಪ್ರಿಂಗ್ ಬೋಲ್ಟನ್ನು ಮುಂದಕ್ಕೆ ನೂಕಿದಾಗ ಮ್ಯಾಗಝಿನ್ನಿನ ಮೇಲಿನ ತೋಟಾ ಒಳಗೆ ಕೂರುತ್ತದೆ.

ಏಕೆ-47ರಲ್ಲಿ ಪಿಸ್ಟನ್ ಬೋಲ್ಟಿನ ಗಾಡಿಗೇ ಅಂಟಿಕೊಂಡು ಅದರ ಜೊತೆಗೇ ಓಡುತ್ತದೆ. ಪುಣೆಯಲ್ಲಿ ರೂಪುಗೊಂಡ ನಮ್ಮ ಇನ್ಸಾಸ್ ಕೂಡ ಇದೇ ಜಾತಿ. ಎಸ್‌ಎಲ್‌ಆರ್‌ನಲ್ಲಿ ಪಿಸ್ಟನ್ ಒಂದು ಗುದ್ದು ಕೊಟ್ಟು ತನ್ನ ಜಾಗಕ್ಕೆ ಮರಳುತ್ತದೆ. ಅಮೆರಿಕದ ಎಂ-16ರಲ್ಲಿ ಬೇರೆಯಾಗಿ ಪಿಸ್ಟನ್ ಸರಳೇ ಇಲ್ಲ. ತೆಳು ಕೊಳವೆಯಲ್ಲಿ ಅನಿಲ ನೇರ ಬೋಲ್ಟಿನ ಒಳಕ್ಕೆ ಹೋಗುತ್ತದೆ. ತೂಕ ಕಡಿಮೆ, ಕುಲುಕಾಟ ಕಡಿಮೆ, ಮಸಿ ಮಾತ್ರ ಹೆಚ್ಚು.

ಮಸಿಯ ಮಾತು ಸಣ್ಣದಲ್ಲ. ವಿಯೆಟ್ನಾಂ ಯುದ್ಧದಲ್ಲಿ ಎಂ-16ರ ತೋಟಾದೊಳಗಿನ ಮದ್ದಿನ ಬಗೆಯನ್ನು ಬದಲಿಸಿದರು. ರೈಫಲ್ ಅದೇ, ಗುಂಡು ಅದೇ. ಮದ್ದು ಉರಿಯುವ ರೀತಿ ಬದಲಾದ್ದರಿಂದ ಬೋಲ್ಟಿನ ಓಟ ಬಿರುಸಾಯಿತು, ಮಸಿ ಹೆಚ್ಚಾಯಿತು, ಖಾಲಿ ತೋಟಾ ಒಳಗೇ ಕಚ್ಚಿಕೊಂಡಿತು. ಕೆಟ್ಟು ನಿಂತ ರೈಫಲ್ ಹಿಡಿದೇ ಸೈನಿಕರು ಸತ್ತರು. 1967ರಲ್ಲಿ ಅಮೆರಿಕದ ಸಂಸತ್ತೇ ವಿಚಾರಣೆ ಮಾಡಬೇಕಾಯಿತು. ಎಸ್‌ಎಲ್‌ಆರ್‌ನಲ್ಲಿ ಇಂಥ ಹೊತ್ತಿಗೆಂದೇ ಅನಿಲವನ್ನು ಹೆಚ್ಚು ಕಡಿಮೆ ಮಾಡುವ ತಿರುಪು ಇಟ್ಟಿದ್ದಾರೆ. ಮಾಮೂಲಿ ದಿನಗಳಲ್ಲಿ ಹೆಚ್ಚಿನ ಅನಿಲ ಒಂದು ಕಿಂಡಿಯಿಂದ ಹೊರಗೆ ಹೋಗಲಿ. ಧೂಳು, ಮಸಿ ತುಂಬಿ ಬೋಲ್ಟ್ ತಡವರಿಸಿದರೆ ಆ ಕಿಂಡಿಯನ್ನು ತಿರುವಿ ಮುಚ್ಚು, ಪಿಸ್ಟನ್ನಿಗೆ ಬಲ ಬರಲಿ. ಬುದ್ಧಿವಂತಿಕೆಯ ಏರ್ಪಾಡು.

ಮೊಟಕು ಮಾಡಿದರೆ ಏನಾಗುತ್ತದೆ

ಗಿಡ್ಡ ನಳಿಕೆಗೆ ಬೇಡಿಕೆ ಇರುವುದು ಕಾರಣವಿಲ್ಲದೆ ಅಲ್ಲ. ಜೀಪಿನಿಂದ ಇಳಿಯುವವನಿಗೆ, ಟ್ಯಾಂಕಿನೊಳಗೆ ಕೂರುವವನಿಗೆ, ಇಕ್ಕಟ್ಟಿನ ಮನೆಯೊಳಗೆ ನುಗ್ಗುವ ಕಮಾಂಡೋಗೆ ಉದ್ದ ರೈಫಲ್ ಎಲ್ಲೆಲ್ಲೋ ತಾಗುತ್ತದೆ. ಅಮೆರಿಕದಲ್ಲಿ ಖಾಸಗಿಯವರೂ ತಮ್ಮಿಷ್ಟದಂತೆ ಬಿಡಿಭಾಗ ಜೋಡಿಸಿ ಗಿಡ್ಡ ರೈಫಲ್ ಮಾಡಿಸಿಕೊಳ್ಳುವ ಪರಿಪಾಠವೇ ಇದೆ. ಅಲ್ಲಿ ಕೂಡ 1934ರ ಕಾಯ್ದೆ ಗಿಡ್ಡ ನಳಿಕೆಯ ರೈಫಲ್ಲಿಗೆ ಪ್ರತ್ಯೇಕ ಸರ್ಕಾರಿ ನೋಂದಣಿ ಕೇಳುತ್ತದೆ. ಈಗಿನ ಮಿತಿ 16 ಇಂಚು.

ನೋಡುವವರಿಗೆ ಅದು ಬರೀ ಉದ್ದ ಕಡಿಮೆಯಾದ ರೈಫಲ್. ಒಳಗೆ ಮಾತ್ರ ಕಾಲದ ಲೆಕ್ಕ ಬುಡಮೇಲಾಗಿರುತ್ತದೆ. ಗುಂಡು ಅನಿಲದ ತೂತನ್ನು ದಾಟಿದ ಮೇಲೂ ಸ್ವಲ್ಪ ದೂರ ನಳಿಕೆಯೊಳಗೇ ಇರಬೇಕು. ಅಲ್ಲಿಯವರೆಗೆ ಗುಂಡೇ ಬಿರಡೆ. ಅದು ಮುಚ್ಚಿಕೊಂಡಿರುವಷ್ಟು ಹೊತ್ತು ಮಾತ್ರ ಒತ್ತಡ ನಿಂತು ಪಿಸ್ಟನ್ನನ್ನು ಒದೆಯುತ್ತದೆ. ನಳಿಕೆಯ ತುದಿ ಕತ್ತರಿಸಿದರೆ ಬಿರಡೆ ಬೇಗ ಹಾರಿಹೋಗುತ್ತದೆ, ಒದೆತ ಅರ್ಧಕ್ಕೇ ನಿಲ್ಲುತ್ತದೆ, ಬೋಲ್ಟ್ ಹಿಂದೆ ಪೂರ್ತಿ ಹೋಗದೆ ಖಾಲಿ ತೋಟಾ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ.

ಹಾಗಾದರೆ ತೂತನ್ನು ಹಿಂದಕ್ಕೆ ಸರಿಸೋಣ ಎಂದರೆ ಇನ್ನೊಂದು ಪೇಚು. ಹಿಂದೆ ಹೋದಷ್ಟೂ ಒತ್ತಡ ವಿಪರೀತ, ಅನಿಲ ಇನ್ನೂ ಬಿಸಿ. ಪಿಸ್ಟನ್ನಿಗೆ ಒದೆತ ಬೇಗ ಬೀಳುತ್ತದೆ, ಜೋರಾಗಿಯೂ ಬೀಳುತ್ತದೆ. ಹಿತ್ತಾಳೆಯ ತೋಟಾ ಒತ್ತಡಕ್ಕೆ ಉಬ್ಬಿ ಗೋಡೆ ಕಚ್ಚಿಕೊಂಡಿರುವಾಗಲೇ ಬೋಲ್ಟ್ ಅದನ್ನು ಕೀಳಲು ಎಳೆಯುತ್ತದೆ. ಅಂಚು ಹರಿಯುತ್ತದೆ, ಕೊಕ್ಕೆ ಸವೆಯುತ್ತದೆ, ಸ್ಪ್ರಿಂಗ್ ಬೇಗ ಸೋಲುತ್ತದೆ. ಕಡಿಮೆ ಒದೆತಕ್ಕೂ ಅತಿ ಒದೆತಕ್ಕೂ ನಡುವಿನ ದಾರಿ ಉದ್ದ ನಳಿಕೆಯಲ್ಲಿ ಅಗಲವಾಗಿರುತ್ತದೆ. ಗಿಡ್ಡದರಲ್ಲಿ ಅದು ಗದ್ದೆಯ ಬದುವಿನಷ್ಟೇ.

ದೊಡ್ಡ ದೊಡ್ಡ ಕಾರ್ಖಾನೆಗಳೇ ಇದಕ್ಕೆ ಬೆವರು ಸುರಿಸಿವೆ. ಸೋವಿಯತ್ತಿನವರು ಏಕೆ-74ರ 415 ಮಿಲಿಮೀಟರ್ ನಳಿಕೆಯನ್ನು ಸುಮಾರು 206 ಮಿಲಿಮೀಟರಿಗೆ ಇಳಿಸಿ ಎಕೆಎಸ್-74ಯು ಮಾಡಿದಾಗ ಅನಿಲ ಸಾಲದಾಯಿತು. ನಳಿಕೆಯ ಬಾಯಿಗೆ ಡಬ್ಬದಂಥ ಒಂದು ದಪ್ಪ ತುದಿ ತೊಡಿಸಿ, ಅದರೊಳಗೆ ಅನಿಲವನ್ನು ಅರೆಗಳಿಗೆ ತಡೆದು, ಒತ್ತಡ ನಿಲ್ಲುವಂತೆ ಮಾಡಬೇಕಾಯಿತು. ಅಮೆರಿಕದ ಕೋಲ್ಟ್ ಕಂಪನಿ ವಿಯೆಟ್ನಾಂ ಕಾಲದಲ್ಲಿ 10 ಇಂಚಿನ ನಳಿಕೆಯಿಟ್ಟು ನೋಡಿತು. ಸದ್ದು, ಬೆಂಕಿ ತಡೆಯಲಾಗದೆ 11.5 ಇಂಚಿಗೆ ಏರಿಸಿತು.

ಬೆಂಕಿಯ ವಿಷಯ ಬಂತಲ್ಲ. 2022ರ ‘ಕೆಜಿಎಫ್ ಚಾಪ್ಟರ್ 2’ರಲ್ಲಿ ‘ದೊಡ್ಡಮ್ಮ’ ಎಂಬ ಯಂತ್ರಬಂದೂಕಿನ ಕೆಂಪಗೆ ಕಾದ ನಳಿಕೆಗೆ ನಾಯಕ ಸಿಗರೇಟು ಹೊತ್ತಿಸುತ್ತಾನೆ. ಚಪ್ಪಾಳೆ ಗಿಟ್ಟಿಸಿದ ದೃಶ್ಯ. ಎಡೆಬಿಡದೆ ಹೊಡೆದರೆ ನಳಿಕೆ ಕೆಂಪಾಗುವುದು ಸುಳ್ಳಲ್ಲ. ಆದರೆ ಅಷ್ಟು ಕಾದ ಉಕ್ಕು ಮೆತ್ತಗಾಗಿರುತ್ತದೆ, ಗುರಿ ತಪ್ಪುತ್ತದೆ, ನಳಿಕೆಯೇ ಹಾಳಾಗುತ್ತದೆ ಎಂಬುದನ್ನು ಸಿನಿಮಾ ಹೇಳಬೇಕಿಲ್ಲ, ಹೇಳುವುದೂ ಇಲ್ಲ. ಗಿಡ್ಡ ನಳಿಕೆಯಲ್ಲಿ ಮದ್ದು ಪೂರ್ತಿ ತನ್ನ ಕೆಲಸ ಮಾಡುವ ಮೊದಲೇ ಬಾಯಿಗೆ ಬರುತ್ತದೆ. ಹೊರಗೆ ಕಣ್ಣು ಕುಕ್ಕುವ ಬೆಂಕಿಯ ಉಂಡೆ, ಕಿವಿ ಗುಂಯ್‌ಗುಡುವ ಸದ್ದು. ಗುಂಡಿಗೆ ಸೇರಬೇಕಾದ ಬಲ ಹೀಗೆ ಬೆಳಕಾಗಿ, ಸದ್ದಾಗಿ ಪೋಲಾಗುತ್ತದೆ. ತೆರೆಯ ಮೇಲೆ ಚಂದ ಕಾಣುವುದು ಈ ಪೋಲೇ.

ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಎಂಬ ಖಾಸಗಿ ಕಂಪನಿ ಈಗ ಪಿ-72 ಎಂಬ ರೈಫಲನ್ನು ಇಲ್ಲೇ ರೂಪಿಸಿದೆ. ಸರ್ಕಾರದ ಪರವಾನಗಿ, ಪರೀಕ್ಷಾ ಕೊಠಡಿ, ಲೋಹಶಾಸ್ತ್ರ ಬಲ್ಲ ಎಂಜಿನಿಯರುಗಳು ಇದ್ದರೆ ಮಾತ್ರ ಆಗುವ ಕೆಲಸ ಇದು. ಭೀಮಾ ತೀರದಲ್ಲಿ ಪೊಲೀಸರು ಆಗಾಗ ಜಪ್ತಿ ಮಾಡುವ ನಾಡ ಪಿಸ್ತೂಲುಗಳಿಗೆ ಈ ಯಾವ ಹಿನ್ನೆಲೆಯೂ ಇರುವುದಿಲ್ಲ. ಸಿಕ್ಕ ಕೊಳವೆ, ಲೆಕ್ಕವಿಲ್ಲದ ಒತ್ತಡ. ಅಂಥವು ಹಿಡಿದವನ ಮುಂಗೈಯನ್ನೇ ಒಯ್ಯಬಲ್ಲವು.

ಕಾಯ್ದೆಯ ಇಂಚುಪಟ್ಟಿ

ನಮ್ಮ ಶಸ್ತ್ರಾಸ್ತ್ರ ಕಾಯ್ದೆ 1959ರದ್ದು. ಅದರ 13ನೇ ಕಲಂ ಓದಿದರೆ ಅದನ್ನು ಬರೆದವರ ಕಣ್ಣ ಮುಂದೆ ಹೊಲ ಕಾಯುವ ರೈತ ಇದ್ದದ್ದು ಗೊತ್ತಾಗುತ್ತದೆ. ಬೆಳೆ ರಕ್ಷಣೆಗೆಂದು ಬಾಯಿಂದ ಮದ್ದು ತುಂಬುವ ಬಂದೂಕಿಗೆ, ಆತ್ಮರಕ್ಷಣೆಗೋ ಕ್ರೀಡೆಗೋ ಆದರೆ ನುಣುಪು ನಳಿಕೆಯ ಬಂದೂಕಿಗೆ ಪರವಾನಗಿ ಕೊಡಬಹುದು ಎನ್ನುತ್ತದೆ ಅದು. ಆ ನುಣುಪು ನಳಿಕೆಗೆ ಹಾಕಿದ ಷರತ್ತು: 20 ಇಂಚಿಗೆ ಕಡಿಮೆ ಇರಕೂಡದು.

20 ಇಂಚೇ ಏಕೆ? ಉದ್ದ ಬಂದೂಕನ್ನು ಅಂಗಿಯೊಳಗೆ, ಧೋತರದ ಮಡಿಕೆಯಲ್ಲಿ ಬಚ್ಚಿಡಲಾಗದು. ಹೊಲದಲ್ಲಿ ಹಂದಿ ಬೆದರಿಸುವವನಿಗೆ ಬಚ್ಚಿಡುವ ಅಗತ್ಯವೂ ಇಲ್ಲ. ಬಚ್ಚಿಡಬೇಕಾದವನೇ ನಳಿಕೆ ಕೊಯ್ಯುತ್ತಾನೆ. ಕಾಯ್ದೆಗೆ ಅನಿಲದ ಲೆಕ್ಕ ಗೊತ್ತಿತ್ತೋ ಇಲ್ಲವೋ, ಮನುಷ್ಯನ ಲೆಕ್ಕ ಮಾತ್ರ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ 6ನೇ ಕಲಂ ನೇರವಾಗಿದೆ: ಪರವಾನಗಿಯಿಲ್ಲದೆ ಯಾರೂ ಬಂದೂಕಿನ ನಳಿಕೆ ಮೊಟಕು ಮಾಡುವಂತಿಲ್ಲ, ಒಂದು ಬಗೆಯ ಬಂದೂಕನ್ನು ಇನ್ನೊಂದು ಬಗೆಯಾಗಿ ಮಾರ್ಪಡಿಸುವಂತಿಲ್ಲ, ಆಟದ ಬಂದೂಕನ್ನು ನಿಜದ್ದಾಗಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಈ ತಪ್ಪಿಗೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ ಸೆರೆ. ಅದೇ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಪರವಾನಗಿ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು 3 ವರ್ಷದಿಂದ 5ಕ್ಕೆ ಏರಿಸಿತು.

ತಾನೇ ತುಂಬಿಕೊಳ್ಳುವ ರೈಫಲ್ಲುಗಳನ್ನು 2016ರ ನಿಯಮಗಳು ನಿರ್ಬಂಧಿತ ವರ್ಗದಲ್ಲಿಟ್ಟಿವೆ. ಅದು ಜಿಲ್ಲಾಧಿಕಾರಿಯವರ ಸಹಿಗೆ ಸಿಗುವಂಥದ್ದಲ್ಲ, ದಿಲ್ಲಿಯ ಗೃಹ ಸಚಿವಾಲಯದ ಮಟ್ಟದ ಮಾತು. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಸುರಿಸುವ ಬಂದೂಕು ನಿಷೇಧಿತ ಆಯುಧ. ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ಇರುವ ವಿನಾಯಿತಿ 2029ರವರೆಗೆ ವಿಸ್ತರಣೆಯಾಗಿದೆ, ನಿಜ. ಅದು ಅವರ ಸಂಪ್ರದಾಯದ ಕೋವಿಗೆ ಸಂಬಂಧಿಸಿದ್ದು. ಗಿಡ್ಡ ರೈಫಲ್ಲಿಗೆ ಅದು ರಹದಾರಿಯಲ್ಲ.

ಠಾಣೆಗೆ ಬರುವ ಬಂದೂಕುಗಳು

ನಮ್ಮ ಕಡೆ ಬಂದೂಕು ಊರಿನ ಕಣ್ಣಿಗೆ ಬೀಳುವುದು ಎರಡೇ ಕಡೆ. ಒಂದು, ಬ್ಯಾಂಕಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡ ಮಾಜಿ ಸೈನಿಕರ ಕೈಯ ಜೋಡುನಳಿಕೆ. ಇನ್ನೊಂದು, ಚುನಾವಣೆ ಘೋಷಣೆಯಾದ ಮೇಲೆ ಪೊಲೀಸ್ ಠಾಣೆಯ ಅಂಗಳದಲ್ಲಿ. 2021ರ ಏಪ್ರಿಲ್ 17ರ ಮಸ್ಕಿ ಉಪಚುನಾವಣೆಯಿರಲಿ, 2024ರ ಮೇ 7ರ ಲೋಕಸಭಾ ಮತದಾನವಿರಲಿ, ನೀತಿಸಂಹಿತೆ ಬಂದಾಗಲೆಲ್ಲ ಪರವಾನಗಿದಾರರು ಬಂದೂಕು ಠೇವಣಿ ಇಡಬೇಕೆಂಬ ಆದೇಶ ಹಿಂದೆಯೇ ಬರುತ್ತದೆ. ಬ್ಯಾಂಕ್ ಕಾವಲಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಹಳೆಯ ಸೀರೆಯಲ್ಲಿ ಸುತ್ತಿದ ಬಂದೂಕನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದು, ರಸೀದಿ ಪಡೆದು, ಫಲಿತಾಂಶದ ನಂತರ ಮತ್ತೆ ಬಂದು ಒಯ್ಯುವುದು ಹಿರಿಯ ರೈತರಿಗೆ ರೂಢಿಯಾಗಿಬಿಟ್ಟಿದೆ.

ಹಂದಿ, ಜಿಂಕೆಗಳ ಕಾಟ ಸುಳ್ಳಲ್ಲ. ಶೇಂಗಾ, ಕಡಲೆ, ಜೋಳ ಬೆಳೆಯುವ ಒಣಭೂಮಿಯಲ್ಲಿ ರಾತ್ರಿ ಕಾಯುವವರ ಗೋಳು ಕಾಯ್ದೆ ಪುಸ್ತಕದಿಂದ ನೀಗುವುದಿಲ್ಲ. ಆದರೆ ಬೆಳೆಗಾವಲಿನ ಪರವಾನಗಿ ಬೇಟೆಯ ಪರವಾನಗಿಯಲ್ಲ. ಹಂದಿಯೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ. ಹಂದಿಗೆಂದು ಇಟ್ಟ ಸಿಡಿಮದ್ದಿನ ಉಂಡೆ ಕಚ್ಚಿ ದನ ಬಾಯಿ ಹರಿದುಕೊಂಡ ಸುದ್ದಿ ರಾಜ್ಯದ ಎಲ್ಲೆಡೆ ಬರುತ್ತಲೇ ಇರುತ್ತದೆ. ಬೆಳೆಹಾನಿಗೆ ಪರಿಹಾರ ಕೇಳಿ ಅರಣ್ಯ ಇಲಾಖೆಗೆ ಅರ್ಜಿ ಹಾಕುವುದು ನಿಧಾನದ ದಾರಿ ಹೌದು, ಅಪಾಯದ್ದಲ್ಲ.

ಕೊನೆಗೊಂದು ಕೋರಿಕೆ. ಅಜ್ಜನ ಹೆಸರಿನ ಬಂದೂಕು ಅಟ್ಟದ ಮೇಲೆ ಹಾಗೇ ಉಳಿದ ಮನೆಗಳು ನಮ್ಮಲ್ಲಿ ಇವೆ. ಅಜ್ಜ ತೀರಿಕೊಂಡ ಮೇಲೆ, ಅಥವಾ ಪರವಾನಗಿಯ ಅವಧಿ ಮುಗಿದ ಮೇಲೆ, ಅದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧವಾಗುತ್ತದೆ. ತಡಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು ರಸೀದಿ ಪಡೆಯಿರಿ ಎನ್ನುತ್ತದೆ ಕಾಯ್ದೆಯ 21ನೇ ಕಲಂ. ಬೇಕಿದ್ದರೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು, ಬೇಡವಾದರೆ ಅಲ್ಲೇ ಬಿಟ್ಟುಬರಬಹುದು. ಯಾರೋ ವೆಲ್ಡಿಂಗ್ ಅಂಗಡಿಯವರು ‘ಕೊಡ್ರಿ, ತುದಿ ಕೊಯ್ದು ಚೊಕ್ಕ ಮಾಡಿಕೊಡ್ತೀನಿ’ ಅಂದರೆ ಮಾತ್ರ ಕೊಡಬೇಡಿ.